ತೆಗೆದದ್ದರ ಡಬ್ಬ

ಗ್ರಂಥಾಲಯದ ಮಹಡಿಯಲ್ಲಿ ಹಿಂದುಗಡೆ ಒಂದು ಕೋಣೆಯಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಮಕ್ಕಳಿಗೆ ಗ್ರಾಫಿಕ್ ಡಿಸೈನ್ ಪಾಠ ನಡೆಯುತ್ತಿತ್ತು. ಪಾಠ ಹೇಳುವವರಿಗೆ ಅಜ್ಜಿಯ ವಯಸ್ಸು. ಆದರೂ ಮಕ್ಕಳೆಲ್ಲ ಅವರನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ವರಸೆಯಲ್ಲಿ ಅವರ ಗಂಡ ಭಾವ ಆಗಬೇಕಿತ್ತು. ಆ ಮುಖ ನೋಡಿ ಭಾವ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲವಾದ್ದರಿಂದ ಅವರು ಪ್ರೂಫ್ ಮಾವ ಆದರು.

ಇಬ್ಬರೂ ಒಂದೇ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದವರು. ಅಕ್ಕ ಕಾರ್ಡು, ಕರಪತ್ರ, ಪೋಸ್ಟರುಗಳನ್ನು ಹೊಂದಿಸುತ್ತಿದ್ದರು. ಮಾವ ಅವುಗಳ ಪ್ರೂಫ್ ತಿದ್ದುತ್ತಿದ್ದರು. ಮದುವೆಗೆ ಮುಂಚೆಯೂ ಆಮೇಲೂ ಅವರ ನಡುವೆ ಇದ್ದದ್ದು ಒಂದೇ ಜಗಳ. ಅಕ್ಕನಿಗೆ ಹಾಳೆಯಲ್ಲಿ ಖಾಲಿ ಜಾಗ ಬೇಕು. ಮಾವನಿಗೆ ಖಾಲಿ ಜಾಗ ಕಂಡರೆ ಅಲ್ಲಿಂದ ಏನೋ ಬಿಟ್ಟುಹೋಗಿದೆ ಎಂಬ ಅನುಮಾನ. ಒಮ್ಮೆ ಮಾವ ಭಾನುವಾರದ ಪಾಠಕ್ಕೆ ಬಂದು, ಪ್ರತಿ ಮಗುವಿನ ಹಿಂದೆಯೂ ನಿಂತು, "ಫೋನ್ ನಂಬರ್ ಎಲ್ಲಿ?" ಎಂದು ಕೇಳಿದ್ದರು. ಒಬ್ಬ ಹುಡುಗ ಮಾಡುತ್ತಿದ್ದದ್ದು ಕಾಗೆಯ ಚಿತ್ರ. ಅಂದಿನಿಂದ ಅವರಿಗೆ ಕೋಣೆಯೊಳಗೆ ಪ್ರವೇಶವಿರಲಿಲ್ಲ.

ಹೊಸದಾಗಿ ಸೇರಿದ ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಡಿಸೈನ್ ಅಂದ್ರೆ ಕಂಪ್ಯೂಟರ್ ಇರುತ್ತಲ್ವಾ ಅಕ್ಕ?"

"ಇರುತ್ತೆ. ಕೆಳಗಡೆ ಲೈಬ್ರರಿ ಮೇಡಂ ಟೇಬಲ್ ಮೇಲಿದೆ. ಅದಕ್ಕೆ ಕೈ ಹಾಕೋಕೆ ಮುಂಚೆ ನಿಮಗೆ ಕಣ್ಣು ಬರ್ಬೇಕು."

"ಹೋದ ತಿಂಗಳು ನಮ್ಮನೇಲಿ ಎಲ್ರಿಗೂ ಕಣ್ಣು ಬಂದಿತ್ತು," ಎಂದ ಲಂಬು. ಅವನು ತರಗತಿಯಲ್ಲೇ ಎತ್ತರದ ಹುಡುಗ. "ಡಿಸೈನ್ ಏನೂ ಬರ್ಲಿಲ್ಲ ಅಕ್ಕ. ಕೆಂಪಗಾಯ್ತು ಅಷ್ಟೇ."

ಅಕ್ಕ ನಗಲಿಲ್ಲ. ಅವನ ಕೈಗೆ ಪಾತ್ರೆ ಅಂಗಡಿಯ ಹಳೆಯ ಕರಪತ್ರವೊಂದನ್ನು ಕೊಟ್ಟರು.

"ಇದರಲ್ಲಿ ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ?"

ಲಂಬು ನೋಡಿದ. ಅದರಲ್ಲಿ ಹೂವಿನ ಅಂಚಿತ್ತು, ಮಿಂಚಿತ್ತು, ಬೆರಳು ತೋರಿಸುವ ಕೈಗಳಿದ್ದವು, ಬಗೆಬಗೆಯ ಅಕ್ಷರಗಳಿದ್ದವು, ಮೂಲೆಯಲ್ಲಿ ಮಾಲೀಕರ ಫೋಟೋ ಇತ್ತು. ಪಾತ್ರೆ ಇರಲಿಲ್ಲ.

"ಎಲ್ಲಾ ಕಡೆಗೂ ಹೋಗುತ್ತೆ."

"ಅಂದ್ರೆ ಎಲ್ಲಿಗೂ ಹೋಗ್ಲಿಲ್ಲ ಅಂತ. ಮಾರ್ಕೆಟ್ಟಲ್ಲಿ ಎಲ್ರೂ ಒಟ್ಟಿಗೆ ಕೂಗಿದ್ರೆ ಯಾರ ಹತ್ರ ತಗೋತೀಯ?"

"ಅಮ್ಮ ಯಾರ ಹತ್ರ ತಗೋ ಅಂತಾಳೋ ಅವರ ಹತ್ರ," ಎಂದಳು ಪಕ್ಕದಲ್ಲಿದ್ದ ಟೈಲರ್ ಮಗಳು.

"ಅದೂ ಸರಿ," ಎಂದರು ಅಕ್ಕ. ಸರಿಯಾದ ಉತ್ತರವನ್ನು, ಅದು ತಾವು ಕೇಳಿದ್ದಕ್ಕೆ ಅಲ್ಲದಿದ್ದರೂ, ಅವರು ತಳ್ಳಿಹಾಕುತ್ತಿರಲಿಲ್ಲ. "ಈಗ ಕತ್ತರಿ ತಗೋ. ಒಂದನ್ನ ತೆಗಿ."

ಅವರ ಪಾಠದ ನಿಯಮವೇ ಅದು. ಹಾಳೆಯೊಂದು ಯಾರ ಕೈಗೆ ಬಂದರೂ ಅವರು ಅದರಿಂದ ಒಂದು ವಸ್ತುವನ್ನು ಕತ್ತರಿಸಿ ತೆಗೆಯಬೇಕು. ತೆಗೆದದ್ದನ್ನು ಬಿಸಾಡುವಂತಿಲ್ಲ, ಕಿಟಕಿಯ ಹತ್ತಿರ ಇಟ್ಟಿದ್ದ ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಅದಕ್ಕೆ ತೆಗೆದದ್ದರ ಡಬ್ಬ ಎಂದೇ ಹೆಸರು. ಉಳಿದ ಚೂರುಗಳನ್ನು ಬಿಳಿ ಹಾಳೆಯ ಮೇಲೆ ಹೊಸದಾಗಿ ಜೋಡಿಸಿ ಅಂಟಿಸಬೇಕು. ಆಮೇಲೆ ಅದನ್ನು ತಲೆಕೆಳಗಾಗಿ ಗೋಡೆಗೆ ಸಿಕ್ಕಿಸಿ, ಕಣ್ಣು ಅರ್ಧ ಮುಚ್ಚಿ ನೋಡಬೇಕು. ಓದಲು ಬಾರದಾಗ ಕಣ್ಣು ಆಕಾರವನ್ನಷ್ಟೇ ನೋಡುತ್ತದೆ: ಕಪ್ಪು ಎಲ್ಲಿ ಭಾರವಾಗಿದೆ, ಬಿಳಿ ಎಲ್ಲಿ ಉಸಿರಾಡುತ್ತಿದೆ, ಸಾಲುಗಳು ಒಂದೇ ಅಂಚಿಗೆ ನಿಂತಿವೆಯೋ ಕುಡಿದವರ ಹಾಗೆ ನಿಂತಿವೆಯೋ. ಕೊನೆಗೆ ಲಂಬು ಅದನ್ನು ಕಿಟಕಿಯಲ್ಲಿ ಹಿಡಿದು ನಿಲ್ಲುತ್ತಿದ್ದ. ಉಳಿದವರು ಕೆಳಗಿಳಿದು ಹಿಂದಿನ ರಸ್ತೆಯ ಆಚೆ ಬದಿಯಿಂದ ನೋಡುತ್ತಿದ್ದರು. ಅಲ್ಲಿಂದ ಕಂಡದ್ದು ಮಾತ್ರ ಇದೆ ಎಂದು ಲೆಕ್ಕ.

ಡಬ್ಬಕ್ಕೆ ಅತಿ ಹೆಚ್ಚು ಕಾಣಿಕೆ ಕೊಟ್ಟವಳು ಚುಕ್ಕಿ. ಯಾವ ವಿಷಯ ಕೊಟ್ಟರೂ ಅವಳು ಅದರ ಸುತ್ತ ನಕ್ಷತ್ರ ಹಾಕುತ್ತಿದ್ದಳು. ಹಲ್ಲಿನ ಡಾಕ್ಟರ ಬೋರ್ಡಿಗೂ ಹಾಕಿದ್ದಳು.

"ಹಲ್ಲು ಹೊಳೀತಿದೆ ಅಕ್ಕ," ಎಂಬುದು ಅವಳ ವಾದ.

"ಹಲ್ಲು ನೋಯ್ತಿರೋನಿಗೆ ನಕ್ಷತ್ರ ಆಗ್ಲೇ ಕಾಣಿಸ್ತಿರುತ್ತೆ. ತೆಗಿ."

ಈ ನಿಯಮವನ್ನು ಅಕ್ಕನಿಗೆ ಯಾವ ಗುರುವೂ ಕಲಿಸಿರಲಿಲ್ಲ. ಪ್ರೆಸ್ಸಿಗೆ ಸೇರಿದ ಹೊಸತರಲ್ಲಿ ಅವರ ಕೆಲಸ ಕಾರ್ಡು ಮಡಿಸುವುದಷ್ಟೇ ಆಗಿತ್ತು. ಆಮಂತ್ರಣಗಳಲ್ಲಿ ಯಾರ ಹೆಸರು ಬಿಟ್ಟರೂ ಜಗಳವಾಗುತ್ತದೆಂದು ಮನೆಮಂದಿಯ ಹೆಸರೆಲ್ಲ ತುಂಬಿರುತ್ತಿತ್ತು. ಮಡಿಸುವಾಗ ಅವರಿಗೆ ಒಂದು ಹೆಸರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ದಿನ ಸಾವಿನ ಕಾರ್ಡೊಂದು ಬಂತು. ಮಗುವೊಂದರ ಹೆಸರು, ಕೆಳಗೆ ತಾರೀಖು, ಅಷ್ಟೇ. ಹೆತ್ತವರಿಗೆ ಬೇರೆ ಮಾತು ಹೊರಟಿರಲಿಲ್ಲ. ಆ ಕಾರ್ಡು ಕೈಗೆ ಬಂದಾಗಲೆಲ್ಲ ಮಡಿಸುವವರ ಕೈ ತಾನಾಗಿ ನಿಧಾನವಾಗುತ್ತಿತ್ತು. ಮಾತು ನಿಂತಲ್ಲಿ ಪ್ರಾರ್ಥನೆ ಶುರುವಾಗುವ ಹಾಗೆ, ಅಚ್ಚು ನಿಂತಲ್ಲಿ ಓದು ಶುರುವಾಗುತ್ತದೆ ಎಂದು ಅಕ್ಕನಿಗೆ ಅಂದು ಹೊಳೆಯಿತು. ಆಮೇಲೆ ಪ್ರೆಸ್ಸಿನಲ್ಲಿ ಅಷ್ಟು ವರ್ಷ ದುಡಿದರೂ ಈ ಮಾತನ್ನು ಹೇಳು ಎಂದು ಅವರನ್ನು ಯಾರೂ ಕೇಳಲಿಲ್ಲ. ಕೇಳಿದವರು ಈ ಮಕ್ಕಳೇ. ಅವರೂ ಕೇಳಲಿಲ್ಲ ನಿಜ. ಆದರೆ ಹೇಳಿದಾಗ ಎದ್ದುಹೋಗಲಿಲ್ಲ.

ಹೀಗಿರುವಾಗ ಗ್ರಂಥಾಲಯಕ್ಕೆ ಹೊಸ ಕುರ್ಚಿಗಳು ಬಂದವು.

ಹೊಸ ಕುರ್ಚಿ ಬಂದರೆ ಹಳೆಯದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಏಳುತ್ತದೆ. ಹಳೆಯದನ್ನು ಬಿಸಾಡುವ ಅಧಿಕಾರ ಗ್ರಂಥಾಲಯದ ಮೇಡಂಗೆ ಇರಲಿಲ್ಲ. ಆಡಳಿತ ಮಂಡಳಿಗೆ ಬರೆದರೆ "ಸುರಕ್ಷಿತವಾಗಿ ಇಡತಕ್ಕದ್ದು" ಎಂದು ಉತ್ತರ ಬರುತ್ತಿತ್ತು. ಈ ಸಲ ಎಲ್ಲಿ ಇಡತಕ್ಕದ್ದು ಎಂದೂ ಮಂಡಳಿಯೇ ತೀರ್ಮಾನಿಸಿತು: ಮಹಡಿಯ ಹಿಂದಿನ ಕೋಣೆಯಲ್ಲಿ. ತಿಂಗಳ ಕೊನೆಗೆ ಪಾಠ ನಿಲ್ಲಬೇಕು. ಅರ್ಧ ಕುರ್ಚಿಗಳು ಆಗಲೇ ಬಂದು ಗೋಡೆಯುದ್ದಕ್ಕೂ ಒಂದರ ಮೇಲೊಂದು ಕುಳಿತವು. ಮಕ್ಕಳು ಅವುಗಳ ಕಾಲುಗಳ ನಡುವೆ ಚಾಪೆ ಹಾಸಿಕೊಂಡು ಕತ್ತರಿಸತೊಡಗಿದರು.

ಅಕ್ಕನ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮತ್ತು ಮಾವ. ಅಲ್ಲಿ ಪಾಠ ಮಾಡುವಂತಿರಲಿಲ್ಲ. ಕೋಣೆ ಹೋದರೆ ಪಾಠವೂ ಹೋಯಿತು.

"ನಾನೇನ್ ಮಾಡ್ಲಿ ಅಕ್ಕ," ಎಂದರು ಮೇಡಂ. "ಆ ಕೋಣೆಗೆ ಯಾರು ಬರ್ತಾರೆ ಅಂತ ಮಂಡಳಿ ಅಧ್ಯಕ್ಷರು ಕೇಳ್ತಾರೆ. ಮಕ್ಕಳು ಬರ್ತಾರೆ ಅಂದೆ. ಮಕ್ಕಳು ಎಲ್ಲಿಗಾದ್ರೂ ಬರ್ತಾರೆ, ಜನ ಬರ್ತಾರಾ ಅಂದ್ರು. ಒಂದ್ಸಲ ಜನ ಬಂದಿದ್ದು ಅವರ ಕಣ್ಣಿಗೆ ಬಿದ್ರೆ ನಾನೂ ಬಾಯಿ ತೆಗೀಬಹುದು."

ಜನರನ್ನು ಕರೆಯಬೇಕಾದರೆ ಪ್ರದರ್ಶನ ಇಡಬೇಕು, ಪ್ರದರ್ಶನಕ್ಕೆ ಪೋಸ್ಟರು ಬೇಕು. ಅಧ್ಯಕ್ಷರೂ ಬರಲು ಒಪ್ಪಿದರು. ಅಕ್ಕ ಅಂದು ಮಲಗುವ ಮುಂಚೆ ಕಣ್ಣು ಮುಚ್ಚಿ, "ಜನ ಬರುವ ಹಾಗೆ ಮಾಡಪ್ಪ," ಎಂದು ದೇವರನ್ನು ಕೇಳಿಕೊಂಡರು. ಪ್ರಾರ್ಥನೆಯಲ್ಲೂ ಅವರದು ಕಡಿಮೆ ಮಾತು.

ಅಲ್ಲಿಯವರೆಗೆ ಪ್ರತಿ ಮಗುವೂ ತನ್ನ ತನ್ನ ಹಾಳೆಯನ್ನು ತಾನೇ ಮಾಡುತ್ತಿತ್ತು. ಈ ಪೋಸ್ಟರನ್ನು ಮಾತ್ರ ಇಡೀ ತರಗತಿ ಸೇರಿ ಮಾಡುವುದೆಂದಾಯಿತು. ಮೊದಲ ಹಾಳೆಯಲ್ಲಿ ಎಲ್ಲವೂ ಇತ್ತು. ನಡುವೆ ತೆರೆದ ಬಾಗಿಲ ಚಿತ್ರ, ಕಪ್ಪು ಚೌಕದಲ್ಲಿ ಬಿಳಿಯ ಸಂದು. ಕೆಳಗೆ ದೊಡ್ಡದಾಗಿ "ಬನ್ನಿ". ಸುತ್ತ "ಮಕ್ಕಳ ಡಿಸೈನ್ ಪ್ರದರ್ಶನ", ದಿನ, ಸಮಯ, ಸ್ಥಳ, ಗ್ರಂಥಾಲಯದ ಚಿತ್ರ, ಮೆಟ್ಟಿಲು, ಬಾಣ, ಹೂವಿನ ಅಂಚು, ಒಂದು ನಕ್ಷತ್ರ. ಹಾಳೆ ಕೈಯಿಂದ ಕೈಗೆ ಹೋಗತೊಡಗಿತು. ಯಾರ ಕೈಗೆ ಬಂದರೂ ಒಂದನ್ನು ತೆಗೆಯಬೇಕೆಂಬುದು ನಿಯಮ.

ಲಂಬು ಹೂವಿನ ಅಂಚು ತೆಗೆದ. ಟೈಲರ್ ಮಗಳು ಗ್ರಂಥಾಲಯದ ಚಿತ್ರ ತೆಗೆದಳು. ಮೆಟ್ಟಿಲು ಎಲ್ಲಿಗೂ ಹತ್ತದೆ ನಿಂತದ್ದರಿಂದ ಮುಂದಿನವನು ಅದನ್ನೂ ತೆಗೆದ. ಬಾಣ ಯಾರಿಗೂ ಇಷ್ಟವಿರಲಿಲ್ಲ. ಬಾಗಿಲು ತೆರೆದೇ ಇದೆಯಲ್ಲ ಎಂದು ಒಬ್ಬ ಸಮಯ ತೆಗೆದ. ಸಮಯವಿಲ್ಲದೆ ದಿನ ಒಂಟಿಯಾಗಿ ಕಾಣುತ್ತದೆ ಎಂದು ಅವನ ತಂಗಿ ದಿನ ತೆಗೆದಳು. ಪ್ರದರ್ಶನ ಅಂತ ಬರೆದರೆ ಯಾರೂ ಬರಲ್ಲ ಎಂದು ಇನ್ನೊಬ್ಬಳು ಅದನ್ನು ತೆಗೆದಳು. ಆಮೇಲೆ ಹಾಳೆ ಚುಕ್ಕಿಯ ಕೈಗೆ ಬಂತು. ಅವಳು ತುಂಬ ಹೊತ್ತು ನೋಡಿ, ಯಾರೂ ಹೇಳದೆ, ತನ್ನ ಕೈಯಾರೆ ನಕ್ಷತ್ರವನ್ನು ಕತ್ತರಿಸಿ ಡಬ್ಬಕ್ಕೆ ಹಾಕಿದಳು. ಇಡೀ ಕೋಣೆ ಚಪ್ಪಾಳೆ ತಟ್ಟಿತು. ಅಕ್ಕ ಕಣ್ಣೊರೆಸಿಕೊಂಡರು. ಆ ಗಲಾಟೆಯಲ್ಲಿ ಕೊನೆಯ ಹುಡುಗ ಸ್ಥಳವನ್ನು ತೆಗೆದದ್ದನ್ನು ಯಾರೂ ಗಮನಿಸಲಿಲ್ಲ.

ಹಾಳೆಯನ್ನು ತಲೆಕೆಳಗಾಗಿ ಸಿಕ್ಕಿಸಿ ಕಣ್ಣು ಅರ್ಧ ಮುಚ್ಚಿ ನೋಡಿದರು. ರಸ್ತೆಯಾಚೆ ಹೋಗಿ ನೋಡಿದರು. ಅಷ್ಟು ಚೆಂದದ ಹಾಳೆ ಆ ಕೋಣೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹಳೆಯ ಪ್ರೆಸ್ಸಿನ ಮಾಲೀಕರು ಉಳಿದ ಕಾಗದದಲ್ಲಿ ಅಚ್ಚು ಹಾಕಿಕೊಡಲು ಒಪ್ಪಿದ್ದರು.

"ಇಷ್ಟೇನಾ?" ಎಂದರು ಅವರು.

"ಇಷ್ಟೇ," ಎಂದರು ಅಕ್ಕ.

ಈಕೆಯೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ ಎಂದು ಮಾಲೀಕರು ಹಿಂದೆಯೇ ಕಲಿತಿದ್ದರು. ಸೋಮವಾರ ಲಂಬು ಊರ ಕಂಬಗಳಿಗೆಲ್ಲ ಪೋಸ್ಟರು ಅಂಟಿಸಿದ. ಪ್ರದರ್ಶನ ಬರುವ ಭಾನುವಾರ ಇತ್ತು. ಆ ವಿಷಯ ಮಕ್ಕಳಿಗೆ, ಅಕ್ಕನಿಗೆ, ಮೇಡಂಗೆ, ಅಧ್ಯಕ್ಷರಿಗೆ ಗೊತ್ತಿತ್ತು.

ಗುರುವಾರ ಮಾವ ಬ್ರೆಡ್ ತರಲು ಹೋದವರು ಬೇಕರಿಯ ಎದುರಿನ ಕಂಬದ ಹತ್ತಿರ ನಿಂತರು. ಮನೆಗೆ ಬಂದು ಬ್ರೆಡ್ಡನ್ನು ಮೇಜಿನ ಮೇಲಿಟ್ಟರು.

"ರೀ, ಪೋಸ್ಟರ್ ನೋಡಿದ್ರಾ?"

"ನೋಡ್ದೆ."

"ಹೇಗಿದೆ?"

"ಚೆನ್ನಾಗಿದೆ."

ಅಕ್ಕನಿಗೆ ಗಾಬರಿಯಾಯಿತು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಬಂದಿರಲಿಲ್ಲ. "ಮೈ ಹುಷಾರಿದೆ ತಾನೇ?"

"ಇದೆ. ಎಲ್ಲಿಗೆ?"

"ಏನು ಎಲ್ಲಿಗೆ?"

"ಬನ್ನಿ ಅಂತ ಇದೆ. ಎಲ್ಲಿಗೆ?" ಮಾವ ಕುಳಿತುಕೊಂಡರು. "ಬಾಯ್ತುಂಬ ಕರ್ದಿದೀರ. ಹೋಗ್ಬೇಕು ಅಂತ ನಂಗೂ ಮನಸ್ಸಾಯ್ತು. ಕಂಬದ ಹಿಂದೆ ಏನಾದ್ರೂ ಬರ್ದಿದೀರಾ ಅಂತ ಅದನ್ನೂ ನೋಡ್ದೆ. ಅಲ್ಲಿ ಮನೆ ಬಾಡಿಗೆಗಿದೆ ಅಂತಿತ್ತು."

ಅಕ್ಕ ಚಪ್ಪಲಿ ಹಾಕಿಕೊಂಡು ಹೊರಟರು. ಹೊರಡುವಾಗ, "ನೀವೂ ಬನ್ನಿ," ಎಂದರು.

"ಎಲ್ಲಿಗೆ?"

"ಕೋಣೆಗೆ!"

"ಹಾಗೆ ಹೇಳು," ಎಂದು ಮಾವ ಎದ್ದರು.

ಸಂಜೆ ಮಕ್ಕಳೆಲ್ಲ ಸೇರಿದರು. ತೆಗೆದದ್ದರ ಡಬ್ಬವನ್ನು ಚಾಪೆಯ ಮೇಲೆ ಸುರಿದರು. ಒಂದಷ್ಟು ನಕ್ಷತ್ರಗಳು ಉರುಳಿ ಕುರ್ಚಿಗಳ ಅಡಿಗೆ ಹೋದವು.

"ಪೋಸ್ಟರ್ ಕಿತ್ತು ಹೊಸದು ಹಾಕೋಣ್ವಾ ಅಕ್ಕ?" ಎಂದ ಲಂಬು. ಆಮೇಲೆ ತಾನೇ, "ಕೀಳೋಕಾಗಲ್ಲ. ಗಟ್ಟಿಯಾಗಿ ಅಂಟಿಸಿದೀನಿ," ಎಂದ.

"ಕೆಳಗೊಂದು ಪಟ್ಟಿ ಹಚ್ಚೋಣ," ಎಂದಳು ಟೈಲರ್ ಮಗಳು. "ಅಂಗಿ ಗಿಡ್ಡ ಆದ್ರೆ ನಮ್ಮಪ್ಪ ಹಾಗೇ ಮಾಡೋದು." ಬಿಳಿ ಜಾಗ ಹಾಳಾಗದಂತೆ ಪಟ್ಟಿ ಎಷ್ಟು ಅಗಲ ಇರಬೇಕೆಂದು ಅವಳೇ ಅಳೆದಳು.

"ಪಟ್ಟಿ ಸಣ್ಣದು. ಬೇಕಾದ್ದು ಮಾತ್ರ ಹುಡುಕಿ," ಎಂದರು ಅಕ್ಕ. "ಯಾವತ್ತು, ಎಷ್ಟೊತ್ತಿಗೆ, ಎಲ್ಲಿ."

ಮೂರೂ ಚೂರುಗಳು ಸಿಕ್ಕವು. ಚುಕ್ಕಿ ಕೈಯಲ್ಲೊಂದು ನಕ್ಷತ್ರ ಹಿಡಿದು, "ಇಷ್ಟೇ ಇಷ್ಟು ಅಕ್ಕ," ಎಂದಳು. ಅಕ್ಕ ನೋಡಿದ ನೋಟಕ್ಕೆ ಅದನ್ನು ಜೇಬಿಗೆ ಹಾಕಿಕೊಂಡಳು.

ಯಾವತ್ತು, ಎಷ್ಟೊತ್ತಿಗೆ, ಎಲ್ಲಿ ಎಂಬುದು ಸೇರಿತು. ಏನು ಎಂಬುದು ಸೇರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಹುಡುಕಲಿಲ್ಲ. "ಮಕ್ಕಳ ಡಿಸೈನ್ ಪ್ರದರ್ಶನ" ಎಂಬ ಚೂರು ನಕ್ಷತ್ರಗಳ ಜೊತೆ ಡಬ್ಬಕ್ಕೆ ವಾಪಸು ಹೋಯಿತು. ಮಾವ ಕಿವಿಯ ಮೇಲಿಂದ ಪೆನ್ನು ತೆಗೆದು, ಪಟ್ಟಿಯನ್ನು ಒಂದೊಂದೇ ಅಕ್ಷರವಾಗಿ ಮೂಲದ ಚೂರುಗಳ ಜೊತೆ ಇಟ್ಟು ನೋಡಿ, "ಸರಿ" ಎಂದು ಬರೆದು ಸಹಿ ಹಾಕಿದರು. ಶನಿವಾರ ಲಂಬು ಎಲ್ಲ ಕಂಬಗಳಿಗೂ ಪಟ್ಟಿ ಹಚ್ಚಿಬಂದ.

ಭಾನುವಾರ ಬೆಳಿಗ್ಗೆ ಗೋಡೆ ಕಾಣಬೇಕಲ್ಲ ಎಂದು ಕುರ್ಚಿಗಳನ್ನೆಲ್ಲ ಇಳಿಸಿ, ಕೆಳಗೆ ಉಳಿದಿದ್ದ ಹಳೆಯವುಗಳ ಜೊತೆ ಗ್ರಂಥಾಲಯದ ಅಂಗಳದಲ್ಲಿ ಸಾಲಾಗಿ ಇಟ್ಟರು. ಮಕ್ಕಳ ಹಾಳೆಗಳು ಮೆಟ್ಟಿಲ ಗೋಡೆಯಿಂದ ಕೋಣೆಯವರೆಗೆ ಏರಿದವು. ಗೇಟಿನಲ್ಲಿ "ಬನ್ನಿ" ಪೋಸ್ಟರು. ಅದರ ಹಿಂದೆ ಕುರ್ಚಿಗಳು.

ಮೊದಲು ಬಂದವರು ಮೂಲೆಯ ಕ್ಷೌರದಂಗಡಿಯವರು. ಅವರು ಪೋಸ್ಟರು ನೋಡಿದರು, ಕುರ್ಚಿ ನೋಡಿದರು, ಒಂದರಲ್ಲಿ ಕುಳಿತು ಅಲ್ಲಾಡಿಸಿ ನೋಡಿದರು.

"ಇದೇನಾ ಕೊಡೋದು?"

"ಏನ್ ಕೊಡೋದು?" ಎಂದ ಗೇಟಿನಲ್ಲಿದ್ದ ಲಂಬು.

"ಅದನ್ನೇ ಕೇಳ್ತಿದೀನಿ. ವಾರದಿಂದ ಬನ್ನಿ ಬನ್ನಿ ಅಂತಿದೀರ. ನಿನ್ನೆ ಗ್ರಂಥಾಲಯಕ್ಕೆ ಅಂತ ಗೊತ್ತಾಯ್ತು. ಬಂದ್ರೆ ಕುರ್ಚಿ ಇಟ್ಟಿದೀರ. ಸುಮ್ನೆ ನೋಡೋಕೆ ಕುರ್ಚಿ ಯಾರಾದ್ರೂ ಅಂಗಳಕ್ಕೆ ತರ್ತಾರಾ? ನಂಗೆ ಎರಡು ಬೇಕಪ್ಪ. ಗಿರಾಕಿಗಳು ನಿಂತೇ ಕಾಯ್ತಾರೆ."

ಲಂಬು ಓಡಿಹೋಗಿ ಮೇಡಂಗೆ ಹೇಳಿದ. ಮೇಡಂ ಕಿಟಕಿಯಿಂದ ಅಂಗಳ ನೋಡಿದರು. ಅವುಗಳಲ್ಲಿ ಹಿಂದಿನ ಸಲಗಳ ಹಳೆಯ ಕುರ್ಚಿಗಳೂ ಇದ್ದವು. ಅವನ್ನು ಅವರು ಬೇಸಿಗೆಯಲ್ಲಿ ಕೆಳಕ್ಕೂ ಮಳೆಗಾಲದಲ್ಲಿ ಮೇಲಕ್ಕೂ ಹೊರಿಸಿದ್ದರು; ಪ್ರತಿ ವರ್ಷ ಅವುಗಳ ಧೂಳು ಒರೆಸಿ, ಸುರಕ್ಷಿತವಾಗಿವೆ ಎಂದು ಬರೆದು ಕಳಿಸಿದ್ದರು.

"ಬಿಸಾಡ್ಬೇಡಿ ಅಂತ ಹೇಳಿದ್ದಾರೆ," ಎಂದರು ಮೇಡಂ ನಿಧಾನವಾಗಿ. "ಕೇಳಿದೋರಿಗೆ ಕೊಡ್ಬೇಡಿ ಅಂತ ಯಾರೂ ಹೇಳಿಲ್ಲ. ಮೇಲೆ ಹೋಗಿ ಮಕ್ಕಳು ಮಾಡಿರೋದನ್ನೆಲ್ಲ ನೋಡ್ಕೊಂಡು ಬರ್ಲಿ. ನೋಡಿ ಬಂದೋರು ಒಯ್ಲಿ."

ಕ್ಷೌರದಂಗಡಿಯವರು ಮೇಲೆ ಹೋದರು. ಅವರ ಹಿಂದೆ ಇಸ್ತ್ರಿಯವರು, ಬೇಕರಿಯವರ ಹೆಂಡತಿ, ಬಾಡಿಗೆ ಮನೆಗೆ ಹೊಸದಾಗಿ ಬಂದ ದಂಪತಿ. ಸುದ್ದಿ ಬೀದಿಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಸಾಲು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ಹೊರಗೆ ನಿಂತಿತು. ಒಳಗೆ ಬಂದವರು ಹಾಳೆಗಳನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಕುರ್ಚಿ ಕೊಡುವ ಮುಂಚೆ ಪ್ರಶ್ನೆ ಕೇಳುತ್ತಾರೇನೋ ಎಂಬ ಅನುಮಾನದಿಂದ ಕೆಲವರು ಎರಡೆರಡು ಸಲ ನೋಡಿದರು. ಚುಕ್ಕಿ ಪ್ರತಿಯೊಬ್ಬರನ್ನೂ ನಿಲ್ಲಿಸಿ, "ಕಣ್ಣು ಮೊದಲು ಎಲ್ಲಿಗೆ ಹೋಯ್ತು?" ಎಂದು ಕೇಳುತ್ತಿದ್ದದ್ದು ಆ ಅನುಮಾನವನ್ನು ಗಟ್ಟಿ ಮಾಡಿತು.

"ಹಲ್ಲಿಗಮ್ಮ," ಎಂದರು ಇಸ್ತ್ರಿಯವರು, ಹಲ್ಲಿನ ಡಾಕ್ಟರ ಬೋರ್ಡಿನ ಮುಂದೆ.

"ಆಮೇಲೆ?"

"ಆಮೇಲೆ ನನ್ನ ಹಲ್ಲು ನೋಯ್ತು."

"ಪಾಸ್," ಎಂದಳು ಚುಕ್ಕಿ.

ಅಧ್ಯಕ್ಷರು ಬಂದಾಗ ಸಾಲು ರಸ್ತೆಯ ತಿರುವಿನವರೆಗಿತ್ತು. ಗ್ರಂಥಾಲಯದ ಮುಂದೆ ಇಷ್ಟು ಜನರನ್ನು ಕಂಡು ಬೆಂಕಿ ಬಿದ್ದಿದೆಯೆಂದು ಅವರು ಮೊದಲು ಹೆದರಿದರು. ಮೇಡಂ ಎದುರುಗೊಂಡರು.

"ಜನ ಬಂದಿದ್ದಾರೆ ಸಾರ್. ಕೋಣೆಗೆ."

"ಕುರ್ಚಿಗಳೆಲ್ಲಿ?"

ಅಷ್ಟರಲ್ಲಿ ಎರಡು ಕುರ್ಚಿ ತಲೆಯ ಮೇಲೆ ಹೊತ್ತ ಕ್ಷೌರದಂಗಡಿಯವರು ಎದುರಾದರು. "ನಮಸ್ಕಾರ ಅಧ್ಯಕ್ಷರೇ," ಎಂದರು, ಎಲ್ಲರಿಗೂ ಕೇಳುವಂತೆ. "ಕುರ್ಚಿ ಬಿಟ್ಟುಕೊಡೋ ಅಧ್ಯಕ್ಷರನ್ನ ನಾನು ಜನ್ಮದಲ್ಲಿ ಕಂಡಿರ್ಲಿಲ್ಲ. ದೊಡ್ಡ ಮನಸ್ಸು ನಿಮ್ದು."

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೇಡಂ ಮುಖ ನೋಡಿದರು. ಮೇಡಂ ಆಕಾಶ ನೋಡಿದರು. ಅಧ್ಯಕ್ಷರು ಕೈಮುಗಿದು ಮೇಲೆ ಹೋದರು, ಎಲ್ಲವನ್ನೂ ನೋಡಿದರು, ಚುಕ್ಕಿಯ ಪ್ರಶ್ನೆಗೆ ಉತ್ತರ ಕೊಟ್ಟು ಪಾಸಾದರು. ಇಳಿಯುವಾಗ ಮೇಡಂ ಹತ್ತಿರ ತಗ್ಗಿದ ದನಿಯಲ್ಲಿ, ಕೈ ಇರುವ ಕುರ್ಚಿ ಯಾವುದಾದರೂ ಉಳಿದಿದೆಯೇ ಎಂದು ವಿಚಾರಿಸಿದರು. ಉಳಿದಿರಲಿಲ್ಲ. ಒಂದು ಕಾಲು ಮುರಿದದ್ದನ್ನು ಬಿಟ್ಟರೆ ಯಾವುದೂ ಉಳಿದಿರಲಿಲ್ಲ.

ಮುಂದಿನ ಸಭೆಯಲ್ಲಿ, ಇಡಲು ಕುರ್ಚಿಗಳು ಇಲ್ಲದ ಕಾರಣ ಕೋಣೆಯನ್ನು ಮೊದಲಿನಂತೆಯೇ ಬಿಡತಕ್ಕದ್ದು ಎಂದು ಮಂಡಳಿ ತೀರ್ಮಾನಿಸಿತು.

ಪ್ರದರ್ಶನದ ದಿನ ಸಂಜೆ ಎಲ್ಲರೂ ಹೋದಮೇಲೆ ಅಕ್ಕ ಖಾಲಿ ಕೋಣೆಯ ನಡುವೆ ನಿಂತಿದ್ದರು. ಅಷ್ಟು ಖಾಲಿ ಜಾಗ ಅವರಿಗೆ ಒಟ್ಟಿಗೆ ಸಿಕ್ಕಿದ್ದು ಅದೇ ಮೊದಲು.

"ಏನು ಪ್ರದರ್ಶನ ಅಂತ ಪಟ್ಟಿಯಲ್ಲಿ ಇರ್ಲೇ ಇಲ್ಲ," ಎಂದರು ಅಕ್ಕ. "ನೀವು ನೋಡಿ ಸಹಿ ಹಾಕಿದ್ರಿ."

"ಇದ್ದದ್ದು ತಪ್ಪಿದೆಯಾ ಅಂತ ನೋಡ್ದೆ. ತಪ್ಪಿರ್ಲಿಲ್ಲ. ಇಲ್ಲದ್ದು ಯಾವುದು ಅಂತ ನೀನು ಕೇಳ್ಲಿಲ್ಲ."

"ಗೊತ್ತಿತ್ತಾ ನಿಮಗೆ?"

"ಪ್ರೂಫಿನವನು ಮೂಲದಲ್ಲಿ ಇಲ್ಲದ್ದನ್ನ ಸೇರಿಸಬಾರದು," ಎಂದರು ಮಾವ. ಅದು ಉತ್ತರವಾಗಿರಲಿಲ್ಲ. ಅಕ್ಕ ಮತ್ತೆ ಕೇಳಲಿಲ್ಲ.

"ಜನ ಬರ್ಲಿ ಅಂತ ದೇವರ ಹತ್ರ ಕೇಳಿದ್ದೆ," ಎಂದರು ಅಕ್ಕ. "ಯಾತಕ್ಕೆ ಅಂತ ನಾನೂ ಹೇಳಿರ್ಲಿಲ್ಲ."

"ಅವನಿಗೂ ಗೊತ್ತಿತ್ತೇನೋ," ಎಂದು ಮಾವ ದೀಪ ಆರಿಸಿದರು.

ಈಗ ಮಾವನಿಗೂ ಕೋಣೆಯೊಳಗೆ ಜಾಗವಿದೆ. ಮುರಿದ ಕುರ್ಚಿಯ ಕಾಲಿಗೆ ಇಟ್ಟಿಗೆ ಕೊಟ್ಟು ಅವರು ಬಾಗಿಲ ಪಕ್ಕ ಕೂರುತ್ತಾರೆ. ಮಕ್ಕಳು ಒಂದೊಂದೇ ತೆಗೆದು ತೆಗೆದು, ಅಕ್ಕ ಸರಿ ಎಂದ ಹಾಳೆಯನ್ನು ಕೊನೆಗೆ ಅವರ ಮುಂದೆ ಹಿಡಿಯಬೇಕು. ಅವರು ಹೆಚ್ಚು ಮಾತಾಡುವುದಿಲ್ಲ. ಕೆಲವೊಮ್ಮೆ "ಏನು?" ಎನ್ನುತ್ತಾರೆ. ಕೆಲವೊಮ್ಮೆ "ಎಲ್ಲಿಗೆ?" ಎನ್ನುತ್ತಾರೆ. ಫೋನ್ ನಂಬರ್ ಕೇಳುವ ಮುಂಚೆ ಅಕ್ಕನ ಕಡೆ ನೋಡುತ್ತಾರೆ.

ಲಂಬು ಅಂಟಿಸಿದ ಪೋಸ್ಟರುಗಳು ಇನ್ನೂ ಕಂಬಗಳ ಮೇಲಿವೆ. ಪಟ್ಟಿಯಲ್ಲಿ ಭಾನುವಾರ ಎಂದಷ್ಟೇ ಇತ್ತು, ಯಾವ ಭಾನುವಾರ ಎಂದಿರಲಿಲ್ಲ. ಹಾಗಾಗಿ ಪಾಠದ ನಡುವೆ ಆಗಾಗ ಯಾರಾದರೂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹೋದ ವಾರ ಬಂದದ್ದು ಒಬ್ಬಾಕೆ, ಜೊತೆಗೆ ಮಗಳು.

"ಕುರ್ಚಿ ಇದೆಯಾ?"

"ಕುರ್ಚಿ ಮುಗೀತು," ಎಂದರು ಅಕ್ಕ, ಹಾಳೆಯಿಂದ ತಲೆಯೆತ್ತದೆ. "ಕತ್ತರಿ ಇದೆ. ಮಗೂನ ಕೂರಿಸಿ ನೀವೂ ಕೂತ್ಕೊಳ್ಳಿ."

ಆಕೆ ಸುತ್ತ ನೋಡಿದರು.

"ಎಲ್ಲಿ?"

ಬಾಗಿಲ ಪಕ್ಕದಲ್ಲಿದ್ದ ಮಾವನಿಗೆ ಬಹಳ ಸಂತೋಷವಾಯಿತು. ಅವರು ಇಟ್ಟಿಗೆ ಅಲುಗದಂತೆ ಎದ್ದು, ಕುರ್ಚಿ ಬಿಟ್ಟುಕೊಟ್ಟರು.